ರಷ್ಯನ್ನರ 'ಬ್ಲಾತ್'ಗೆ ನಮ್ಮ 'ವಶೀಲಿ' ಸಾಕಾ?

ಗೆಳೆಯರೇ, ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಹದಿನೈದು ದಿನದಿಂದ ಇದೇ ತಲೆಯಲ್ಲಿ ಕೂತಿದೆ.

ನಾನೊಂದು ಏಕಾಂಕ ಬರೆಯುತ್ತಿದ್ದೇನೆ. ಹಾಸ್ಯ ನಾಟಕ, ಗ್ಯಾಂಗಿನವರ ಕತೆ. ನಡೆಯುವುದು ಕಪ್ಪು ಸಮುದ್ರದ ಬಂದರು ಊರು ಒಡೆಸ್ಸಾದಲ್ಲಿ, 1925ರಲ್ಲಿ. 1921ರಲ್ಲಿ ಲೆನಿನ್ ಹೊಸ ಆರ್ಥಿಕ ನೀತಿ ತಂದು ಸಣ್ಣಪುಟ್ಟ ವ್ಯಾಪಾರಕ್ಕೆ ಮತ್ತೆ ಅವಕಾಶ ಕೊಟ್ಟಿದ್ದರಲ್ಲ, ಆ ಕಾಲ. ಒಂದು ಕಡೆ ಅಂಗಡಿ, ಹೋಟೆಲ್ಲು ಬಾಗಿಲು ತೆಗೆದಿವೆ. ಇನ್ನೊಂದು ಕಡೆ ಹೊಸ ಸರ್ಕಾರದ ಕಚೇರಿಗಳು, ಮೇಜು, ಮೊಹರು, ಕ್ಯೂ. ನನ್ನ ನಾಟಕದ ಗ್ಯಾಂಗು ಒಂದು ಸರ್ಕಾರಿ ಕಚೇರಿಯ ಹಣದ ಪೆಟ್ಟಿಗೆ ದೋಚಲು ಹೋಗುತ್ತದೆ. ಒಳಗೆ ಬಿಡಬೇಕಾದರೆ ಪಾಸು ಬೇಕು. ಪಾಸು ಬೇಕಾದರೆ ಇನ್ನೊಂದು ಕಿಟಕಿಯಿಂದ ಚೀಟಿ ತರಬೇಕು. ಆ ಚೀಟಿಗೆ ಮನೆ ಸಮಿತಿಯವರ ಕಾಗದ ಬೇಕು. ಹೀಗೆ ಪಿಸ್ತೂಲು ಜೇಬಲ್ಲಿ ಇಟ್ಟುಕೊಂಡು ದರೋಡೆಗೆ ಬಂದವರು ಮೂರು ದಿನ ಕ್ಯೂ ನಿಲ್ಲುತ್ತಾರೆ.

ಈ ಕತೆಗೆ ಬೇಕೇ ಬೇಕಾದ ರಷ್ಯನ್ ಪದ 'ಬ್ಲಾತ್'. ಪರಿಚಯ ಹಿಡಿದು, ಒಳಗಿನವರ ಮೂಲಕ, ಕಾಸು ಕೊಡದೆ ಕೆಲಸ ಮಾಡಿಸಿಕೊಳ್ಳುವುದು ಅಂತ ಅರ್ಥ. ಲಂಚಕ್ಕೆ ಅವರಲ್ಲಿ ಬೇರೆ ಪದವೇ ಇದೆ, 'ವ್ಜ್ಯಾತ್ಕಾ'. ಬ್ಲಾತ್‌ನಲ್ಲಿ ಹಣ ಕೈ ಬದಲಾಗುವುದಿಲ್ಲ, ಋಣ ಕೈ ಬದಲಾಗುತ್ತದೆ. ಇವತ್ತು ನೀನು ನನಗೆ ಬೂಟು ಕೊಡಿಸು, ನಾಳೆ ನಿನ್ನ ಅತ್ತೆಗೆ ನಾನು ಡಾಕ್ಟರ ಹತ್ತಿರ ಹೇಳ್ತೀನಿ, ಅಷ್ಟೇ.

ಮೊದಲ ಕರಡಿನಲ್ಲಿ ನಾನು 'ಪ್ರಭಾವ' ಅಂತ ಹಾಕಿದ್ದೆ. ನಮ್ಮ ತಂಡದವರು ಮನೆಯಲ್ಲಿ ಕೂತು ಓದುವಾಗ, ಗುಮಾಸ್ತನ ಪಾತ್ರದವರು 'ಪ್ರಭಾವ ಬಳಸಿ ಪಡೆಯಬಹುದು' ಅಂದರು. ಒಬ್ಬರೂ ತಲೆ ಎತ್ತಲಿಲ್ಲ. ಅಲ್ಲೇ ಪೆನ್ಸಿಲ್ ತೊಗೊಂಡು 'ವಶೀಲಿ ಇದ್ರೆ ಸಿಗುತ್ತೆ' ಅಂತ ತಿದ್ದಿ ಕೊಟ್ಟೆ. ಎರಡನೇ ಸಲ ಓದಿದಾಗ ಮೂಲೆಯಲ್ಲಿ ಕಾಫಿ ಕುಡೀತಿದ್ದವರೂ ನಕ್ಕರು. ಆಗಲೇ ಅನ್ನಿಸಿತು, ಪದ ಸಿಕ್ಕಿತು ಅಂತ.

ನಿಜಕ್ಕೂ ವಶೀಲಿ ಎಷ್ಟು ಚೆಂದದ ಪದ ನೋಡಿ. ಮೂಲ ಅರಬ್ಬಿಯ 'ವಸೀಲಾ', ಅಂದರೆ ಸಾಧನ, ಹತ್ತಿರ ಹೋಗುವ ದಾರಿ. ಮರಾಠಿಯಲ್ಲಿ 'ವಶಿಲಾ', ನಮ್ಮಲ್ಲಿ ವಶೀಲಿ. ಅದಕ್ಕೆ 'ಬಾಜಿ' ಸೇರಿಸಿ ವಶೀಲಿಬಾಜಿ ಅಂತ ಬೈಯಲೂ ಬರುತ್ತದೆ. ಲಂಚ ಅಲ್ಲ, ಶಿಫಾರಸಿನಷ್ಟು ಮರ್ಯಾದಸ್ಥವೂ ಅಲ್ಲ, ನಡುವೆ ಎಲ್ಲೋ ಇದೆ. ಬ್ಲಾತ್ ಕೂಡ ಅಲ್ಲೇ ಇರುವುದು.

ಆದರೆ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. (ಮೂರನೆಯದೂ ಒಂದಿದೆ, ಚಿಕ್ಕದು. ನಾಟಕದಲ್ಲಿ ವಸೀಲಿ ಅನ್ನುವ ಹೆಸರಿನವನೊಬ್ಬ ಇದ್ದ. ರಷ್ಯನ್ನರಲ್ಲಿ ತುಂಬಾ ಸಾಮಾನ್ಯ ಹೆಸರು. 'ವಸೀಲಿಗೆ ವಶೀಲಿ ಇದೆ' ಅಂದರೆ ಪ್ರೇಕ್ಷಕರಿಗೆ ಗೊಂದಲ ಆಗುತ್ತದೆ. ಅವನಿಗೆ ಗ್ರಿಶಾ ಅಂತ ಹೆಸರಿಟ್ಟೆ, ಮುಗಿಯಿತು.)

ಮೊದಲನೆಯದು. ವಶೀಲಿ ಮೇಲಕ್ಕೆ ಹೋಗುತ್ತದೆ. ವಶೀಲಿ ಅಂದ ತಕ್ಷಣ ನಮಗೆ ದೊಡ್ಡವರೊಬ್ಬರು ಕಾಣುತ್ತಾರೆ, ಶಾಸಕರು, ಸಾಹೇಬರು, ಅವರ ಭಾವಮೈದುನ. ಬ್ಲಾತ್ ಹೆಚ್ಚಾಗಿ ಅಡ್ಡಡ್ಡ ಹೋಗುತ್ತದೆ. ಗೋದಾಮಿನವನು, ಮಾಂಸದಂಗಡಿಯಲ್ಲಿ ತೂಕ ಮಾಡುವವಳು, ಮನೆ ನೋಡಿಕೊಳ್ಳುವ 'ಉಪ್ರಾವ್‌ದೋಮ್', ಇವರೇ ಅಲ್ಲಿ ದೊಡ್ಡವರು. ಸಾಮಾನು ಯಾರ ಕೈಯಲ್ಲಿದೆಯೋ ಅವರ ಹತ್ತಿರ ಬ್ಲಾತ್. 1930ರ ದಶಕದಲ್ಲಿ ಜನ 'ಬ್ಲಾತ್ ಸೊವ್ನಾರ್ಕೋಮ್‌ಗಿಂತ ದೊಡ್ಡದು' ಅಂತ ಹೇಳುತ್ತಿದ್ದರು. ಸೊವ್ನಾರ್ಕೋಮ್ ಅಂದರೆ ಆಗಿನ ಮಂತ್ರಿಮಂಡಲ. ಇದನ್ನು 'ವಶೀಲಿ ಸರ್ಕಾರಕ್ಕಿಂತ ದೊಡ್ಡದು' ಅಂತ ಮಾಡಿದರೆ ಪೂರ್ತಿ ದಕ್ಕುವುದಿಲ್ಲ. ನಮ್ಮ ವಶೀಲಿ ಸರ್ಕಾರದ ಒಳಗಿಂದಲೇ ಬರುವುದು ಅಲ್ವಾ?

ಎರಡನೆಯದು ನನಗೆ ಜಾಸ್ತಿ ಕಾಡುತ್ತಿರುವುದು. ಬ್ಲಾತ್ ಹುಟ್ಟಿದ್ದೇ ಕಳ್ಳರ ಬಾಯಲ್ಲಿ. ಪೋಲಿಷ್, ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ಕಡೆಯಿಂದ ಬಂದದ್ದು ಅನ್ನುವ ವಾದ ಹೆಚ್ಚು ಕೇಳಿಬರುತ್ತದೆ. ಅಲ್ಲಿ ಅದಕ್ಕೆ 'ನಂಬಿಕಸ್ತ, ಒಳಗಿನ ಮನುಷ್ಯ' ಅನ್ನುವ ಥರದ ಅರ್ಥ. ರಷ್ಯನ್ನಿನಲ್ಲಿ ಕಳ್ಳರ ಗುಟ್ಟಿನ ಭಾಷೆಗೆ 'ಬ್ಲಾತ್ ಸಂಗೀತ' ಅಂತಲೇ ಹೆಸರಿತ್ತು. ಅದೇ ಹೆಸರಿನಲ್ಲಿ 1908ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಕಳ್ಳಭಾಷೆಯ ಒಂದು ನಿಘಂಟು ಬಂತು. ಮುನ್ನುಡಿ ಬರೆದವರು ಬೋದುಎನ್ ದ ಕುರ್ತೆನೆ, ದೊಡ್ಡ ಭಾಷಾವಿಜ್ಞಾನಿ. ಈಗಲೂ 'ಬ್ಲತ್ನೋಯ್' ಅಂದರೆ ಎರಡರ್ಥ. ಕಳ್ಳರ ಲೋಕಕ್ಕೆ ಸೇರಿದವನು ಅಂತ ಒಂದು, ಪರಿಚಯದ ಮೇಲೆ ಜಾಗ ಗಿಟ್ಟಿಸಿದವನು ಅಂತ ಇನ್ನೊಂದು. ಗ್ಯಾಂಗಿನ ಪದ ನಡೆದುಕೊಂಡು ಹೋಗಿ ಕಚೇರಿಯ ಕುರ್ಚಿಯಲ್ಲಿ ಕೂತಿತು. ನನ್ನ ನಾಟಕ ಇರುವುದೇ ಅದರ ಮೇಲೆ. ಗುಮಾಸ್ತ ಬ್ಲಾತ್ ಅಂದಾಗ ಗ್ಯಾಂಗಿನವನು 'ಓ, ಇವನೂ ನಮ್ಮವನೇ' ಅಂತ ತಿಳಿಯಬೇಕು. ವಶೀಲಿ ಅಂದರೆ ಯಾವ ರೌಡಿಯೂ ಹಾಗೆ ತಿಳಿಯುವುದಿಲ್ಲ.

ಎರಡೂ ಕಡೆ ಓಡಾಡುವ ಪದ ನಮ್ಮಲ್ಲಿ 'ಮಾಮೂಲಿ' ಇದೆ. ಅಂಗಡಿಯವರ ಹತ್ತಿರ ರೌಡಿ ಎತ್ತುವುದೂ ಮಾಮೂಲಿ, ಕಚೇರಿಯಲ್ಲಿ ಕೊಡುವುದೂ ಮಾಮೂಲಿ. ಆದರೆ ಅದು ಕಾಸು. ಕಾಸು ಬಂದರೆ ಬ್ಲಾತ್ ಸತ್ತಂತೆ. ಹಾಗಾಗಿ ಬಿಟ್ಟೆ.

ಆ ಕಾಲದ ಗ್ಯಾಂಗು, ಕಚೇರಿ ಎಷ್ಟು ಒಂದಕ್ಕೊಂದು ಹೆಣೆದುಕೊಂಡಿದ್ದವು ಅನ್ನುವುದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಘಟನೆ ಒಂದಿದೆ. ಜನವರಿ 1919, ಮಾಸ್ಕೋ. ಲೆನಿನ್ ತಂಗಿಯ ಜೊತೆ ಕಾರಿನಲ್ಲಿ ಸೊಕೋಲ್ನಿಕಿ ಕಡೆ ಹೋಗುತ್ತಿದ್ದಾರೆ. ಅಲ್ಲಿ ಮಕ್ಕಳ ಶಾಲೆಯೊಂದರಲ್ಲಿ ಹೆಂಡತಿ ಕ್ರೂಪ್‌ಸ್ಕಾಯ ಆರೋಗ್ಯ ಸುಧಾರಿಸಿಕೊಳ್ಳುತ್ತಿದ್ದರು. ದಾರಿಯಲ್ಲಿ ಕೊಶೆಲ್ಕೋವ್ ಅನ್ನುವವನ ಗ್ಯಾಂಗು ಕಾರು ನಿಲ್ಲಿಸಿ, ಪಿಸ್ತೂಲು ಹಿಡಿದು, ಕಾರನ್ನೂ ಕಾಗದಪತ್ರವನ್ನೂ ಕಿತ್ತುಕೊಂಡು ಹೋಗುತ್ತದೆ. ಕಾವಲಿಗೆ ಬಂದವನ ಕೈಯಲ್ಲಿ ಕ್ರೂಪ್‌ಸ್ಕಾಯ ಅವರಿಗೆ ಅಂತ ತಂದ ಹಾಲಿನ ಕ್ಯಾನು ಹಾಗೇ ಉಳಿದಿರುತ್ತದೆ. ನಡೆದುಕೊಂಡು ಹತ್ತಿರದ ಸೊವಿಯತ್ ಕಚೇರಿಗೆ ಹೋದರೆ ಬಾಗಿಲಿನ ಕಾವಲುಗಾರ ಪಾಸು ಇಲ್ಲದೆ ಬಿಡಲು ಒಪ್ಪುವುದಿಲ್ಲ. ನಾನು ಲೆನಿನ್, ಆದರೆ ಅದನ್ನು ತೋರಿಸಿಕೊಡಲು ನನ್ನ ಹತ್ತಿರ ಏನೂ ಇಲ್ಲ ಅಂತ ಅವರು ಹೇಳಬೇಕಾಯಿತು, ಇದು ಡ್ರೈವರ್ ಗಿಲ್ ಬರೆದ ನೆನಪು. ಸೊವ್ನಾರ್ಕೋಮ್‌ನ ಅಧ್ಯಕ್ಷರೇ ಚೀಟಿ ಇಲ್ಲದೆ ಬಾಗಿಲಲ್ಲಿ ನಿಂತರು! 1920ರ ತಮ್ಮ ಪುಸ್ತಕದಲ್ಲಿ 'ರಾಜಿ' ಅಂದರೇನು ಅಂತ ವಿವರಿಸುವಾಗ ಲೆನಿನ್ ಕಾರು ತಡೆದ ಡಕಾಯಿತರ ಉದಾಹರಣೆಯನ್ನೇ ಕೊಡುತ್ತಾರೆ. ಹಣ, ಪಾಸ್‌ಪೋರ್ಟು, ರಿವಾಲ್ವರು, ಕಾರು ಕೊಟ್ಟು ಜೀವ ಉಳಿಸಿಕೊಳ್ಳುವುದೂ ಒಂದು ರಾಜಿಯೇ ಅಂತ.

ಒಡೆಸ್ಸಾದಲ್ಲಂತೂ ಗಡಿಯೇ ಅಳಿಸಿಹೋಗಿತ್ತು. ಮೊಲ್ದವಾಂಕಾ ಬಡಾವಣೆಯ ಗ್ಯಾಂಗಿನ ನಾಯಕ ಮಿಷ್ಕಾ ಯಪೋನ್ಚಿಕ್ 1919ರಲ್ಲಿ ತನ್ನ ಹುಡುಗರನ್ನೆಲ್ಲ ಸೇರಿಸಿ ಕೆಂಪು ಸೇನೆಗೇ ಒಂದು ರೆಜಿಮೆಂಟು ಕಟ್ಟಿದ. ಅದೇ ವರ್ಷ ಅವನನ್ನು ಗುಂಡಿಟ್ಟು ಕೊಂದರು.

ಹೇಳಹೊರಟಿದ್ದು, ಲೆನಿನ್ ಕಳೆದುಕೊಂಡ ಆ ಕಾಗದದ ಥರದ್ದಕ್ಕೂ ಪದ ಬೇಕು. ಆಗ 'ಮಂದಾತ್' ಅನ್ನುತ್ತಿದ್ದರು. ಇಂಥವನಿಗೆ ಇಂಥ ಕೆಲಸದ ಅಧಿಕಾರ ಇದೆ ಅಂತ ಸಹಿ, ಮೊಹರು ಹಾಕಿ ಕೊಟ್ಟ ಕಾಗದ. ನಮ್ಮಲ್ಲಿ ಈಗ ಮ್ಯಾಂಡೇಟ್ ಅಂದರೆ ಚುನಾವಣೆಯ ಜನಾದೇಶ, ಅದು ಬೇಡ. 'ಸನ್ನದು' ಅಂದರೆ ಮಹಾರಾಜರು ಬರುತ್ತಾರೆ. 'ರಹದಾರಿ' ನನಗೆ ತುಂಬಾ ಇಷ್ಟ, ಆದರೆ ಅದು ಹೋಗಿಬರಲು ಮಾತ್ರ. 'ಅಧಿಕಾರಪತ್ರ' ಸರಿ ಇದೆ, ನಟರ ಬಾಯಲ್ಲಿ ಮಾತ್ರ ಒಣಗುತ್ತದೆ. ನಮ್ಮ ಕಚೇರಿ ಮಾತುಗಳ ತೊಂದರೆಯೇ ಇದು. ಶಿರಸ್ತೇದಾರ, ಅಮಲ್ದಾರ, ಫರ್ಮಾನು, ಎಲ್ಲವೂ ರಾಜರ, ಬ್ರಿಟಿಷರ ಕಾಲದ ವಾಸನೆ ಹೊತ್ತಿವೆ. ಸೊವಿಯತ್‌ನವರು 1917ರಲ್ಲೇ ಝಾರ್ ಕಾಲದ ಹುದ್ದೆ-ಪದವಿಗಳ ಹೆಸರನ್ನೆಲ್ಲ ರದ್ದು ಮಾಡಿದ್ದರು. ಅಂಥ ಕಡೆ ಶಿರಸ್ತೇದಾರನನ್ನು ಕೂರಿಸಿದರೆ ತಪ್ಪು ಕಾಲ ಎದ್ದು ಕಾಣುತ್ತದೆ. ಗುಮಾಸ್ತ ಅಷ್ಟು ಚುಚ್ಚುವುದಿಲ್ಲ, ಇಟ್ಟುಕೊಂಡಿದ್ದೇನೆ.

'ಬುಮಾಷ್ಕಾ' ಮಾತ್ರ ಸಲೀಸಾಗಿ ಬಂತು. ಕಾಗದಕ್ಕೆ ಅವರು ಮುದ್ದಾಗಿ, ಸ್ವಲ್ಪ ತಾತ್ಸಾರವಾಗಿ ಹೇಳುವ ರೂಪ ಅದು. ನಮ್ಮ 'ಚೀಟಿ' ಅದಕ್ಕೆ ಅಚ್ಚು ಹಾಕಿದ ಹಾಗಿದೆ. 'ಅವರ ಹತ್ತಿರ ಒಂದು ಚೀಟಿ ಬರೆಸ್ಕೊಂಡು ಬಾ' ಅಂದರೆ ಅದರೊಳಗೆ ವಶೀಲಿಯೂ ಬಂದುಬಿಡುತ್ತದೆ.

ಮತ್ತೆ ಬ್ಲಾತ್‌ಗೆ ಬರುತ್ತೇನೆ. ನಾಮಪದ ಹುಡುಕಿ ಹುಡುಕಿ ಸಾಕಾದ ಮೇಲೆ ಮೊನ್ನೆ ಬಸ್ಸಿನಲ್ಲಿ ಹಿಂದಿನ ಸೀಟಿನವರು ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ಯಾರದೋ ವರ್ಗಾವಣೆ ಸುದ್ದಿ. 'ಸುಮ್ನೆ ಅರ್ಜಿ ಹಾಕಿದ್ರೆ ಆಗುತ್ತಾ? ಯಾರನ್ನೋ ಹಿಡಿದಿರ್ತಾನೆ ಬಿಡು.' ನಾನು ಇಳಿಯುವ ಸ್ಟಾಪನ್ನೇ ದಾಟಿ ಕೂತಿದ್ದೆ. 'ಹಿಡಿ'! ಯಾರನ್ನಾದ್ರೂ ಹಿಡಿ, ಅವರನ್ನ ಹಿಡಿದ್ರೆ ಆಗುತ್ತೆ, ಯಾರನ್ನ ಹಿಡಿದ್ರಿ? ನಾವು ದಿನಾ ಆಡುವ ಮಾತು. ಇದರಲ್ಲಿ ಮೇಲು-ಕೆಳಗು ಇಲ್ಲ. ಮಂತ್ರಿಯನ್ನೂ ಹಿಡಿಯಬಹುದು, ಗೋದಾಮಿನವನನ್ನೂ ಹಿಡಿಯಬಹುದು, ಅಟೆಂಡರನ್ನೂ ಹಿಡಿಯಬಹುದು. ಮೊದಲನೇ ತೊಡಕು ಹೋಯಿತು. ಎರಡನೆಯದೂ ಹೋಗುತ್ತದೆ, ಯಾಕೆಂದರೆ ಗ್ಯಾಂಗಿನವನಿಗೆ 'ಹಿಡಿ' ಅಂದರೆ ಕತ್ತಿನ ಪಟ್ಟಿ ಹಿಡಿಯುವುದೇ. ಈಗ ಆ ದೃಶ್ಯ ಹೀಗಿದೆ:

ಗುಮಾಸ್ತ: ಹೀಗೆ ಕ್ಯೂ ನಿಂತ್ರೆ ಈ ಜನ್ಮಕ್ಕೆ ಆಗಲ್ಲ. ಯಾರನ್ನಾದ್ರೂ ಹಿಡೀರಿ.
ಗ್ರಿಶಾ: (ಗಂಭೀರವಾಗಿ) ಯಾರನ್ನ ಹಿಡೀಬೇಕು ಹೇಳಿ. ರಾತ್ರಿಯೊಳಗೆ ಹಿಡ್ಕೊಂಡು ಬರ್ತೀವಿ.
ಗುಮಾಸ್ತ: ಇಲ್ಲಿಗೆ ಯಾಕೆ ತರ್ತೀರಿ? ಹಿಡಿದು ಒಂದು ಚೀಟಿ ಬರೆಸ್ಕೊಂಡ್ರೆ ಸಾಕು.
ಗ್ರಿಶಾ: ಬರೀತಾರೆ. ನಾವು ಹಿಡಿದೋರು ಎಲ್ಲಾ ಬರೆದಿದಾರೆ.

ರಷ್ಯನ್ ಪದ ಒಂದೇ ಉಸಿರಿನಲ್ಲಿ ಮಾಡುವ ಕೆಲಸವನ್ನು ಕನ್ನಡದ ಕ್ರಿಯಾಪದ ಮಾಡುತ್ತಿದೆ ಅಂತ ನನಗೆ ಅನ್ನಿಸುತ್ತಿದೆ. ಹಾಗಂತ ವಶೀಲಿಯನ್ನು ಪೂರ್ತಿ ಬಿಡಲು ಮನಸ್ಸಿಲ್ಲ. ಬೈಯುವಾಗ 'ವಶೀಲಿಬಾಜಿ' ಇರಲಿ, ಕೆಲಸ ಮಾಡಿಸುವಾಗ 'ಹಿಡಿ' ಇರಲಿ ಅಂದುಕೊಂಡಿದ್ದೇನೆ. 'ಬ್ಲತ್ನೋಯ್'ಗೆ 'ನಮ್ಮ ಕಡೆಯವನು' ಅಂತ ಇಟ್ಟಿದ್ದೇನೆ. ಜಾತಿ, ಊರು, ಗ್ಯಾಂಗು, ಕಚೇರಿ, ಎಲ್ಲ ಕಡೆಯೂ ಅದೇ ಮಾತು ನಡೆಯುತ್ತದೆ.

ಈಗ ನಿಮ್ಮನ್ನು ಕೇಳಬೇಕಾದದ್ದು. ಹುಬ್ಬಳ್ಳಿ-ಧಾರವಾಡ ಕಡೆಯವರು 'ವಶೀಲಿ ಹಚ್ಚು' ಅನ್ನುವುದನ್ನು ಕೇಳಿದ್ದೇನೆ, ಮೈಸೂರು ಕಡೆ 'ವಶೀಲಿ ಮಾಡಿಸು'. ಈ ಅರ್ಥದಲ್ಲಿ 'ಹಿಡಿ' ಅನ್ನುವುದು ನಿಮ್ಮ ಊರಲ್ಲೂ ಇದೆಯಾ? ಮಂಗಳೂರು, ಕುಂದಾಪುರ, ಬೀದರ್, ಕಲಬುರಗಿಯವರು ದಯವಿಟ್ಟು ಹೇಳಿ, ಅಲ್ಲಿ ಈ ನಗೆ ಬರದೇ ಹೋದರೆ ದೃಶ್ಯವೇ ಬಿದ್ದುಹೋಗುತ್ತದೆ. ಕಾಸಿಲ್ಲದೆ ಬರೀ ಋಣದ ಮೇಲೆ ನಡೆಯುವ ಈ ಕೊಡು-ಕೊಳ್ಳುವಿಕೆಗೆ ನಿಮ್ಮಲ್ಲಿ ಬೇರೆ ಹೆಸರಿದ್ದರೆ ಅದೂ ಬೇಕು. ಮತ್ತೆ ಆ ಮಂದಾತ್‌ಗೆ ಒಂದು ಪದ ಕೊಡಿ, ನಟರು ಜೇಬಿನಿಂದ ತೆಗೆದು ಮೇಜಿನ ಮೇಲೆ ಬಡಿಯುವಾಗ ಹೇಳಲು ಆಗುವಂಥದ್ದು, ಎರಡು-ಮೂರು ಅಕ್ಷರದ್ದಾದರೆ ಒಳ್ಳೆಯದು.