ಸೈಕಲ್ಲಿನಲ್ಲಿ ಕಚೇರಿಗೆ ಹೋಗುವವರು ಎಂಥ ಹೆಲ್ಮೆಟ್ ಕೊಳ್ಳಬೇಕು?

ಪ್ರಶ್ನೆ

ಮುಂದಿನ ತಿಂಗಳಿನಿಂದ ಬನಶಂಕರಿಯ ಮನೆಯಿಂದ ರಿಚ್ಮಂಡ್ ವೃತ್ತದ ಬಳಿಯ ಕಚೇರಿಗೆ ಸೈಕಲ್ಲಿನಲ್ಲಿಯೇ ಹೋಗಿಬರಬೇಕೆಂದು ತೀರ್ಮಾನಿಸಿದ್ದೇನೆ. ಮನೆಯಲ್ಲಿ ಐಎಸ್‌ಐ ಗುರುತಿರುವ ಸ್ಕೂಟರ್ ಹೆಲ್ಮೆಟ್ ಇದೆ, ಅದನ್ನೇ ಹಾಕಿಕೊಂಡರೆ ಸಾಕು ಎಂದು ಮನೆಯವರು ಹೇಳುತ್ತಿದ್ದಾರೆ. ಸೈಕಲ್ ಅಂಗಡಿಗಳಲ್ಲಿ ವಿಚಾರಿಸಿದರೆ ಬೆಲೆ ಕೆಲವು ನೂರು ರೂಪಾಯಿಗಳಿಂದ ಹತ್ತು ಸಾವಿರದ ಆಚೆಗೂ ಹೋಗುತ್ತದೆ. ಈ ವ್ಯತ್ಯಾಸ ಏಕೆ, ಹೆಚ್ಚು ಹಣ ಕೊಟ್ಟರೆ ಹೆಚ್ಚು ರಕ್ಷಣೆ ಸಿಗುತ್ತದೆಯೇ ಎಂಬುದು ತಿಳಿಯುತ್ತಿಲ್ಲ. ನನಗೆ ಉದ್ದ ಕೂದಲಿದೆ, ಕನ್ನಡಕವೂ ಇದೆ. ದಿನವೂ ಸೈಕಲ್ ತುಳಿಯುವವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಜಯನಗರದಿಂದ ಒಬ್ಬರು

ಮೊದಲು ಸ್ಕೂಟರ್ ಹೆಲ್ಮೆಟ್ಟಿನ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳೋಣ. ಅದರ ಮೇಲಿರುವ ಐಎಸ್ 4151 ಎಂಬ ಮಾನಕ ಮೋಟಾರು ದ್ವಿಚಕ್ರ ವಾಹನದ ಸವಾರರಿಗಾಗಿ ರೂಪಿಸಿದ್ದು. ಅದು ಕೆಟ್ಟ ಹೆಲ್ಮೆಟ್ ಎಂದು ನಾನು ಹೇಳುತ್ತಿಲ್ಲ, ಆದರೆ ಸೈಕಲ್ ತುಳಿಯುವವರ ದೇಹ ಮಾಡುವ ಕೆಲಸವೇ ಬೇರೆ. ಪೂರ್ಣ ಮುಖ ಮುಚ್ಚುವ ಹೆಲ್ಮೆಟ್ ಸಾಮಾನ್ಯವಾಗಿ ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ, ಸೈಕಲ್ಲಿನದು ಹೆಚ್ಚೆಂದರೆ ಮುನ್ನೂರು, ನಾನೂರು ಗ್ರಾಂ. ಏರು ರಸ್ತೆಯಲ್ಲಿ ತುಳಿಯುವಾಗ ತಲೆಯಿಂದ ಹೊರಡುವ ಶಾಖಕ್ಕೆ ಗಾಳಿಕಿಂಡಿ ಬೇಕು. ಹಿಂದಿನಿಂದ ಬರುವ ಬಸ್ಸಿನ ಸದ್ದು ಕೇಳಲು ಕಿವಿ ತೆರೆದಿರಬೇಕು, ಮತ್ತು ಕನ್ನಡಿಯಿಲ್ಲದ ಸೈಕಲ್ಲಿನಲ್ಲಿ ಬಲಕ್ಕೆ ಸರಿಯುವ ಮುನ್ನ ಪ್ರತಿ ಸಲವೂ ಕುತ್ತಿಗೆ ತಿರುಗಿಸಿ ನೋಡಬೇಕು. ಇಷ್ಟೆಲ್ಲ ಅಡಚಣೆ ಕೊಡುವ ವಸ್ತು ಕೆಲವೇ ದಿನಗಳಲ್ಲಿ ತಲೆಯಿಂದ ಇಳಿದು ಹ್ಯಾಂಡಲ್ಲಿಗೆ ಜೋತುಬೀಳುತ್ತದೆ. ಹಾಗೆಯೇ ಸೈಕಲ್ ಹೆಲ್ಮೆಟ್ ಧರಿಸಿ ಸ್ಕೂಟರ್ ಓಡಿಸುವುದೂ ಸಲ್ಲದು, ಅದು ಆ ವೇಗಕ್ಕೆ ತಯಾರಾದದ್ದಲ್ಲ. ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರು ದ್ವಿಚಕ್ರ ವಾಹನಗಳಿಗೆ ಮಾತ್ರ. ಸೈಕಲ್ ಸವಾರರು ಧರಿಸಬೇಕೋ ಬೇಡವೋ ಎಂಬುದು ಅವರವರ ತೀರ್ಮಾನ, ಆದ್ದರಿಂದ ಆ ತೀರ್ಮಾನವನ್ನು ತಿಳಿದು ಮಾಡುವುದು ಒಳ್ಳೆಯದು.

ಹೆಲ್ಮೆಟ್ಟಿನಲ್ಲಿ ನಿಜವಾಗಿ ಕೆಲಸ ಮಾಡುವುದು ಹೊರಗೆ ಹೊಳೆಯುವ ಚಿಪ್ಪಲ್ಲ, ಒಳಗಿನ ದಪ್ಪ ಪದರ. ನಾವು ಥರ್ಮಾಕೋಲ್ ಎಂದು ಕರೆಯುವ ವಸ್ತುವಿನ ಹೆಚ್ಚು ಸಾಂದ್ರವಾದ ರೂಪವೇ ಅದು. ತಲೆ ನೆಲಕ್ಕೆ ಬಡಿದಾಗ ಈ ಪದರ ಜಜ್ಜಿಹೋಗುತ್ತದೆ, ಹಾಗೆ ಜಜ್ಜಿಹೋಗುವುದರಲ್ಲೇ ಹೊಡೆತದ ಶಕ್ತಿಯ ಬಹುಪಾಲು ಖರ್ಚಾಗಿ ಮೆದುಳಿಗೆ ತಲುಪುವ ಆಘಾತ ಇಳಿಯುತ್ತದೆ. ಯುರೋಪಿನ ಇಎನ್ 1078 ಮಾನಕದ ಪ್ರಕಾರ, ಹೆಲ್ಮೆಟ್ ತೊಡಿಸಿದ ಕೃತಕ ತಲೆಯನ್ನು ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಸಮತಟ್ಟಾದ ಉಕ್ಕಿನ ಮೇಲೆ ಬೀಳಿಸಿದಾಗ ಒಳಗಿನ ತಲೆ ಅನುಭವಿಸುವ ಆಘಾತ ಗುರುತ್ವಾಕರ್ಷಣೆಯ 250 ಪಟ್ಟನ್ನು ಮೀರಬಾರದು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ (ಸಿಪಿಎಸ್‌ಸಿ) ಮಾನಕದಲ್ಲಿ ಎತ್ತರ ಎರಡು ಮೀಟರ್, ಮಿತಿ 300 ಪಟ್ಟು. ಇವೆರಡರಲ್ಲಿ ಒಂದರ ಗುರುತು ಹೆಲ್ಮೆಟ್ಟಿನ ಒಳಭಾಗದಲ್ಲಿ ಅಂಟಿಸಿರದಿದ್ದರೆ, ಅಂಗಡಿಯವರು ಎಷ್ಟೇ ಭರವಸೆ ಕೊಟ್ಟರೂ ಅದನ್ನು ಕೆಳಗಿಟ್ಟು ಬನ್ನಿ. ರಸ್ತೆ ಬದಿಯಲ್ಲಿ ಮಾರುವ, ಒಳಗೆ ತೆಳುವಾದ ಸ್ಪಂಜು ಮಾತ್ರ ಇರುವ ಟೋಪಿಯಂಥ ವಸ್ತುಗಳಲ್ಲಿ ಜಜ್ಜಿಹೋಗುವ ಪದರವೇ ಇರುವುದಿಲ್ಲ.

ಈ ಎತ್ತರಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಒಂದೂವರೆ, ಎರಡು ಮೀಟರ್ ಎಂದರೆ ಸೈಕಲ್ ಮೇಲೆ ಕುಳಿತವರ ತಲೆ ನೆಲದಿಂದ ಇರುವ ಎತ್ತರಕ್ಕೆ ಹತ್ತಿರ. ಮಳೆನೀರು ತುಂಬಿದ ಗುಂಡಿಯಲ್ಲಿ ಮುಂಗಾಲಿ ಸಿಲುಕುವುದು, ನಿಂತ ಕಾರಿನ ಬಾಗಿಲು ದಿಢೀರನೆ ತೆರೆಯುವುದು, ಬಣ್ಣ ಬಳಿಯದ ಹಂಪ್ ಕತ್ತಲಲ್ಲಿ ಕಾಣದಿರುವುದು, ನಾಯಿ ಅಡ್ಡ ಬರುವುದು, ಇವೆಲ್ಲದರಲ್ಲೂ ಸವಾರರು ಬೀಳುವುದು ತಮ್ಮದೇ ಎತ್ತರದಿಂದ. ಹೆಲ್ಮೆಟ್ ಇರುವುದು ಈ ಬೀಳುವಿಕೆಗಾಗಿ. ಅರವತ್ತು ಕಿಲೋಮೀಟರ್ ವೇಗದ ಲಾರಿ ಗುದ್ದಿದರೂ ಕಾಪಾಡುತ್ತದೆಂದು ಯಾವ ಮಾನಕವೂ ಹೇಳುವುದಿಲ್ಲ. ಹಾಗೆಂದು ಅದರ ಪ್ರಯೋಜನ ಅಲ್ಪವೂ ಅಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ, ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ವಿವರಗಳಿದ್ದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ, ಹೆಲ್ಮೆಟ್ ಧರಿಸಿದವರಲ್ಲಿ ತಲೆಗೆ ಗಂಭೀರ ಪೆಟ್ಟಾಗುವ ಸಂಭವ ಸುಮಾರು ಶೇ. 69ರಷ್ಟು ಕಡಿಮೆಯೆಂದು ಕಂಡುಬಂದಿತು.

ಇನ್ನು ಬೆಲೆ. ಮಾನಕದ ಗುರುತಿರುವ ಸರಳ ಹೆಲ್ಮೆಟ್‌ಗಳು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಅಲ್ಲಿಂದ ಮೇಲೆ ಕೊಡುವ ಹಣದ ಹೆಚ್ಚಿನ ಭಾಗ ತೂಕ ಇಳಿಸುವುದಕ್ಕೆ, ಗಾಳಿಕಿಂಡಿ ಹೆಚ್ಚಿಸುವುದಕ್ಕೆ ಮತ್ತು ಓಟದ ಸ್ಪರ್ಧೆಗೆ ಬೇಕಾದ ಆಕಾರಕ್ಕೆ ಹೋಗುತ್ತದೆ. ಕಚೇರಿಗೆ ಹೋಗಿಬರುವವರಿಗೆ ಇವು ಅಗತ್ಯವಲ್ಲ. ಕೊಂಚ ಹೆಚ್ಚು ಕೊಡಲು ಸಾಧ್ಯವಿದ್ದರೆ ನಾನು ಮಿಪ್ಸ್ ಎಂಬ ಜಾರುವ ಒಳಪದರದ ವ್ಯವಸ್ಥೆ ಇರುವುದನ್ನು ಆರಿಸಲು ಹೇಳುತ್ತೇನೆ. ನಾವು ಬೀಳುವಾಗ ತಲೆ ನೇರವಾಗಿ ನೆಲಕ್ಕೆ ಬಡಿಯುವುದು ಅಪರೂಪ, ಸಾಮಾನ್ಯವಾಗಿ ಓರೆಯಾಗಿ ತಾಗಿ ತಿರುಚಿಕೊಳ್ಳುತ್ತದೆ, ಮತ್ತು ಈ ತಿರುಚುವಿಕೆಯೇ ಮೆದುಳಿಗೆ ವಿಶೇಷ ಅಪಾಯಕಾರಿ. ಸ್ವೀಡನ್ನಿನಲ್ಲಿ ನರಶಸ್ತ್ರಚಿಕಿತ್ಸಕ ಹ್ಯಾನ್ಸ್ ಫಾನ್ ಹೋಲ್ಸ್ಟ್ ಮತ್ತು ಸಂಶೋಧಕ ಪೀಟರ್ ಹಲ್ಡಿನ್ 1990ರ ದಶಕದಲ್ಲಿ ಆರಂಭಿಸಿದ ಕೆಲಸದ ಫಲವಾದ ಈ ವ್ಯವಸ್ಥೆಯಲ್ಲಿ, ಒಳಗಿನ ಒಂದು ತೆಳು ಪದರ ಹೊಡೆತದ ಕ್ಷಣದಲ್ಲಿ 10ರಿಂದ 15 ಮಿಲಿಮೀಟರ್ ಜಾರಿ ಆ ತಿರುಚುವಿಕೆಯ ಒಂದಷ್ಟನ್ನು ಹೀರಿಕೊಳ್ಳುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 2018ರಿಂದ ಸೈಕಲ್ ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ತಾರೆಗಳನ್ನು ಕೊಡುತ್ತಿದೆ. ಆ ಪಟ್ಟಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು, ಕಡಿಮೆ ಬೆಲೆಯ ಕೆಲವಕ್ಕೂ ಅಲ್ಲಿ ಐದು ತಾರೆಗಳಿವೆ.

ಇಷ್ಟು ಹೇಳಿದ ಮೇಲೂ, ನಿಮ್ಮ ತಲೆಗೆ ಸರಿಯಾಗಿ ಕೂರುವ ಎರಡು ಸಾವಿರದ ಹೆಲ್ಮೆಟ್, ಸರಿಯಾಗಿ ಕೂರದ ಹತ್ತು ಸಾವಿರದ್ದಕ್ಕಿಂತ ಖಂಡಿತವಾಗಿಯೂ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಮನೆಯಲ್ಲೇ ಟೇಪು ಹಿಡಿದು, ಹುಬ್ಬಿನಿಂದ ಎರಡು ಬೆರಳು ಮೇಲೆ ತಲೆಯ ಸುತ್ತಳತೆ ತೆಗೆದುಕೊಂಡು ಅಂಗಡಿಗೆ ಹೋಗಿ. ಒಂದೇ ಸುತ್ತಳತೆಯ ಎರಡು ತಲೆಗಳಲ್ಲಿ ಒಂದು ದುಂಡಗೆ, ಇನ್ನೊಂದು ಉದ್ದುದ್ದ ಇರುವುದರಿಂದ ಅಳತೆ ಸರಿಯಿದ್ದರೂ ಹಾಕಿ ನೋಡಲೇಬೇಕು. ಹಣೆಯನ್ನು ಮುಚ್ಚುವಂತೆ ಮಟ್ಟವಾಗಿ ಕೂರಿಸಿ, ಗಲ್ಲದ ಪಟ್ಟಿ ಹಾಕುವ ಮೊದಲು ಹಿಂದಿನ ಡಯಲನ್ನು ಮಾತ್ರ ಬಿಗಿಮಾಡಿ ತಲೆ ಬಗ್ಗಿಸಿ ಅಲ್ಲಾಡಿಸಿ. ಹೆಲ್ಮೆಟ್ ಜಾರಿದರೆ ಆ ಮಾದರಿ ನಿಮ್ಮದಲ್ಲ. ಕನ್ನಡಿಯ ಮುಂದೆ ಅದನ್ನು ಎರಡೂ ಕೈಗಳಿಂದ ಮೆಲ್ಲಗೆ ಸರಿಸಿದಾಗ ಹಣೆಯ ಚರ್ಮವೂ ಜೊತೆಗೆ ಸರಿಯಬೇಕು. ಬದಿಯ ಎರಡು ಪಟ್ಟಿಗಳು ಕಿವಿಯ ಕೆಳಗೆ ಸೇರಬೇಕು, ಗಲ್ಲದ ಪಟ್ಟಿಯೊಳಗೆ ಒಂದು ಬೆರಳು ತೂರುವಷ್ಟು ಮಾತ್ರ ಸಡಿಲವಿರಬೇಕು. ನಮ್ಮ ರಸ್ತೆಗಳಲ್ಲಿ ನಾನು ಪದೇ ಪದೇ ಕಾಣುವುದು ಹಣೆಯನ್ನು ಪೂರ್ತಿ ಬಿಟ್ಟು ಹಿಂದಕ್ಕೆ ವಾಲಿದ, ಪಟ್ಟಿ ಎದೆಯ ಕಡೆಗೆ ಜೋಲಾಡುವ ಹೆಲ್ಮೆಟ್‌ಗಳನ್ನೇ. ಮುಂದಕ್ಕೆ ಬಿದ್ದರೆ ಮೊದಲು ತಾಗುವುದು ಹಣೆ, ಅದೇ ಅಲ್ಲಿ ಬಯಲಾಗಿರುತ್ತದೆ.

ಮೈಸೂರಿನಿಂದ ಒಬ್ಬರು

ಉದ್ದ ಕೂದಲಿನ ಬಗ್ಗೆ ನಾನು ಹೇಳಬಲ್ಲೆ. ತುರುಬು ಕಟ್ಟಿ ಹೆಲ್ಮೆಟ್ ಹಾಕಿದರೆ ಅದು ಮೇಲಕ್ಕೆ ತಳ್ಳಲ್ಪಟ್ಟು ಹಣೆಯ ಮೇಲೆ ಕುಸಿಯುತ್ತದೆ. ಕುತ್ತಿಗೆಯ ಬುಡದಿಂದ ಆರಂಭವಾಗುವ ಸಡಿಲವಾದ ಜಡೆಯೇ ಉತ್ತಮ. ಡಯಲ್ ಮತ್ತು ಚಿಪ್ಪಿನ ನಡುವೆ ಜಡೆ ಹಾಯುವಷ್ಟು ಅವಕಾಶವಿರುವ ಮಾದರಿಗಳು ಸಿಗುತ್ತವೆ, ಅಂಗಡಿಗೆ ಹೋಗುವಾಗ ದಿನವೂ ಕಚೇರಿಗೆ ಹಾಕುವ ಜಡೆಯಲ್ಲೇ ಹೋಗಿ ನೋಡಿ. ಹೂವು ಮುಡಿಯುವ ಅಭ್ಯಾಸವಿದ್ದರೆ ಚೀಲದಲ್ಲಿಟ್ಟುಕೊಂಡು ಕಚೇರಿಯಲ್ಲಿ ಮುಡಿಯುವುದು ಒಳ್ಳೆಯದು, ಲೋಹದ ಕ್ಲಿಪ್ಪು ಮತ್ತು ಪಿನ್ನುಗಳು ಹೆಲ್ಮೆಟ್ಟಿನ ಅಡಿಯಲ್ಲಿ ಇರಲೇಬಾರದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮಂಥವರಿಗೆ ಒಳಗಿನ ಸ್ಪಂಜಿನ ಪಟ್ಟಿಗಳು ಬೇಗ ಜಿಡ್ಡುಗಟ್ಟುವುದರಿಂದ, ಅವನ್ನು ಕಿತ್ತು ತೊಳೆಯಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ. ತೆಳುವಾದ ಹತ್ತಿಯ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು ಮೇಲೆ ಹೆಲ್ಮೆಟ್ ಹಾಕಿದರೆ ಬೆವರು ಕಣ್ಣಿಗೆ ಇಳಿಯುವುದೂ ತಪ್ಪುತ್ತದೆ, ಆದರೆ ಆ ಬಟ್ಟೆಯೊಂದಿಗೇ ಅಳತೆ ಸರಿಹೊಂದಿಸಿಕೊಳ್ಳಬೇಕು. ಕನ್ನಡಕದ ಕಡ್ಡಿಗಳು ಪಟ್ಟಿಯ ಹೊರಗೆ ಬರಬೇಕು, ಒಳಗಿದ್ದರೆ ಕಿವಿಯ ಮೇಲೆ ಒತ್ತಿ ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ.

ಇಲ್ಲಿ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳನ್ನು ಬಳಸುವಾಗಲೂ ನಾನು ನನ್ನದೇ ಹೆಲ್ಮೆಟ್ಟನ್ನು ಕೈಚೀಲಕ್ಕೆ ನೇತುಹಾಕಿಕೊಂಡು ಹೋಗುತ್ತಿದ್ದೆ. ಸಣ್ಣ ದೂರವಾದರೂ ಬೀಳುವ ಎತ್ತರ ಒಂದೇ.

ರಾಜಾಜಿನಗರದಿಂದ ಒಬ್ಬರು

ಮಾನ್ಯರೇ, ನೆದರ್ಲೆಂಡ್ಸಿನಲ್ಲಿ ಬಹುತೇಕ ಜನ ಹೆಲ್ಮೆಟ್ಟೇ ಇಲ್ಲದೆ ಸೈಕಲ್ ತುಳಿಯುತ್ತಾರೆ. ಹೆಲ್ಮೆಟ್ಟಿನ ಮೇಲೆ ಇಷ್ಟು ಒತ್ತು ಕೊಟ್ಟರೆ ಸೈಕಲ್ ಸವಾರಿಯೇ ಅಪಾಯವೆಂಬ ಭಾವನೆ ಹುಟ್ಟಿ ಹೊಸಬರು ಹಿಂಜರಿಯುವುದಿಲ್ಲವೇ? ನಾವು ಕೇಳಬೇಕಾದದ್ದು ಸುರಕ್ಷಿತವಾದ ಪ್ರತ್ಯೇಕ ಪಥಗಳನ್ನಲ್ಲವೇ?

ಜಯನಗರದವರ ಮರು ಉತ್ತರ

ನಿಮ್ಮ ಮಾತಿನ ಎರಡನೆಯ ಭಾಗಕ್ಕೆ ನನ್ನ ಪೂರ್ಣ ಸಹಮತವಿದೆ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ತಾತ್ಕಾಲಿಕ ಸೈಕಲ್ ಪಥ ಬಂದಾಗ ಅಲ್ಲಿ ತುಳಿಯುವುದು ಎಷ್ಟು ನಿರಾಳವಾಗಿತ್ತೆಂಬುದನ್ನು ಕಂಡವನು ನಾನು, ಅಂಥ ಪಥಗಳು ಉಳಿಯಬೇಕು, ಬೆಳೆಯಬೇಕು. ಆದರೆ ನೆದರ್ಲೆಂಡ್ಸಿನ ಸವಾರರು ಬರಿತಲೆಯಲ್ಲಿ ಹೋಗಲು ಸಾಧ್ಯವಾಗಿರುವುದು ದಶಕಗಳಿಂದ ಕಟ್ಟಿಕೊಂಡು ಬಂದ ಪ್ರತ್ಯೇಕ ಪಥಗಳು ಮತ್ತು ವಸತಿ ಬೀದಿಗಳಲ್ಲಿ ತಗ್ಗಿಸಿದ ವಾಹನ ವೇಗದಿಂದ. ಪ್ರಶ್ನೆ ಕೇಳಿದವರು ಮುಂದಿನ ತಿಂಗಳು ಹೋಗಬೇಕಾದದ್ದು ಇಂದಿನ ಬೆಂಗಳೂರಿನ ರಸ್ತೆಯಲ್ಲಿ. ಪಥಕ್ಕಾಗಿ ಒತ್ತಾಯಿಸುತ್ತಲೇ ಹೆಲ್ಮೆಟ್ಟನ್ನೂ ಧರಿಸಬಹುದು.

ಮೆಲ್ಬರ್ನಿನಿಂದ ಒಬ್ಬರು

ನಾನಿರುವ ವಿಕ್ಟೋರಿಯಾ ರಾಜ್ಯದಲ್ಲಿ 1990ರಿಂದಲೇ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ, ಹಾಕದಿದ್ದರೆ ದಂಡವಿದೆ. ಊರಿನಿಂದ ನೆಂಟರು ಆಗಾಗ ‘ಅಲ್ಲಿಂದ ಬರುವಾಗ ಒಳ್ಳೆಯ ಹೆಲ್ಮೆಟ್ ತಂದುಕೊಡಿ’ ಎಂದು ಕೇಳುತ್ತಾರೆ. ನಾನು ತರುವುದಿಲ್ಲ. ಹಾಕಿ ನೋಡದೆ ಕೊಂಡದ್ದು ಸರಿಹೊಂದದಿದ್ದರೆ ಬದಲಾಯಿಸಲು ದಾರಿಯಿಲ್ಲ, ಸಾಮಾನಿನ ನಡುವೆ ಒತ್ತಿಹೋದರೆ ಒಳಪದರ ಬಿರುಕುಬಿಟ್ಟದ್ದು ಕಣ್ಣಿಗೆ ಕಾಣದೆಯೂ ಇರಬಹುದು. ಊರಿನಲ್ಲೇ, ಸ್ವತಃ ತಲೆಗಿಟ್ಟು ನೋಡಿ ಕೊಳ್ಳಿ.

ಜೆ.ಪಿ. ನಗರದಿಂದ ಒಬ್ಬರು

ಮಳೆಯ ಬಗ್ಗೆ ಯಾರೂ ಬರೆಯಲಿಲ್ಲ. ನಿಮ್ಮದು ಸಂಜೆ ಕಚೇರಿ ಬಿಡುವ ಹೊತ್ತು, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಈ ಊರಿನ ಮಳೆ ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಕನ್ನಡಕವಿರುವುದರಿಂದ ಹಣೆಯ ಮೇಲೆ ಚಿಕ್ಕ ಚಾಚು ಇರುವ ಹೆಲ್ಮೆಟ್ ಆರಿಸಿಕೊಳ್ಳಿ, ಗಾಜಿನ ಮೇಲೆ ನೇರವಾಗಿ ಹನಿ ಬೀಳುವುದು ಎಷ್ಟೋ ಕಡಿಮೆಯಾಗುತ್ತದೆ. ಬಣ್ಣ ಬಿಳಿಯೋ ಎದ್ದುಕಾಣುವ ಹಳದಿಯೋ ಇರಲಿ. ಕಪ್ಪು ಬಣ್ಣ ಅಂಗಡಿಯಲ್ಲಿ ಅಂದವಾಗಿ ಕಂಡರೂ ಮುಸ್ಸಂಜೆಯ ಮಳೆಯಲ್ಲಿ ಬಸ್ಸಿನ ಚಾಲಕರಿಗೆ ಕಾಣುವುದಿಲ್ಲ. ಹಿಂಬದಿಯಲ್ಲಿ ಕೆಂಪು ದೀಪವಿರುವ ಹೆಲ್ಮೆಟ್‌ಗಳೂ ಇವೆ. ಅದು ತಲೆಯ ಎತ್ತರದಲ್ಲಿರುವುದರಿಂದ ಪ್ರಯೋಜನಕಾರಿ, ಆದರೆ ಸೈಕಲ್ಲಿನ ದೀಪಕ್ಕೆ ಬದಲಿಯಲ್ಲ. ದೀಪವನ್ನೋ ಕ್ಯಾಮೆರಾವನ್ನೋ ಸಿಕ್ಕಿಸಲು ಚಿಪ್ಪಿಗೆ ತೂತು ಮಾತ್ರ ಕೊರೆಯಬೇಡಿ.

ಕಚೇರಿ ತಲುಪಿದ ಮೇಲೆ ಹೆಲ್ಮೆಟ್ಟನ್ನು ಸೈಕಲ್ಲಿಗೆ ಸಿಕ್ಕಿಸಿ ಬಿಡದೆ ಒಳಗೆ ತೆಗೆದುಕೊಂಡು ಹೋಗಿ. ಹೊರಗೆ ಬಿಸಿಲು, ಮಳೆ, ಪಕ್ಕದ ಗಾಡಿಯ ಹ್ಯಾಂಡಲ್ಲಿನ ಹೊಡೆತ, ಕಳ್ಳತನ, ಎಲ್ಲವೂ ಉಂಟು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೂ ಇಡಬಾರದು. ತೊಳೆಯಲು ತಣ್ಣೀರು ಮತ್ತು ಸೌಮ್ಯವಾದ ಸೋಪು ಸಾಕು, ಕಲೆ ತೆಗೆಯಲು ಪೆಟ್ರೋಲು ಅಥವಾ ಥಿನ್ನರ್ ಹಚ್ಚಿದರೆ ಒಳಪದರ ಕರಗಿಯೇ ಹೋಗುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಸಲಹೆಯಂತೆ ಐದರಿಂದ ಹತ್ತು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ದಿನನಿತ್ಯ ನಮ್ಮ ಬಿಸಿಲಿನಲ್ಲಿ ಬಳಸುವವರು ಐದಕ್ಕೇ ಬದಲಾಯಿಸುವುದು ಲೇಸೆಂದು ನನಗೆ ತೋರುತ್ತದೆ. ತಲೆಗೆ ಒಮ್ಮೆ ಬಲವಾದ ಪೆಟ್ಟಾದರೆ ಮಾತ್ರ ವರ್ಷದ ಲೆಕ್ಕ ಬೇಡ. ಹೊರಗೆ ಗೀರೊಂದೂ ಕಾಣದಿದ್ದರೂ ಒಳಪದರ ಜಜ್ಜಿಹೋಗಿರುತ್ತದೆ, ಎರಡನೆಯ ಸಲ ಅದು ಕೆಲಸ ಮಾಡುವುದಿಲ್ಲ. ಈ ಕಾರಣಕ್ಕಾಗಿಯೇ ಯಾರೋ ಬಳಸಿದ ಹೆಲ್ಮೆಟ್ಟನ್ನು ಕೊಳ್ಳಬೇಡಿ, ಮತ್ತು ನಿಮ್ಮದಕ್ಕೆ ಅಂಥ ಪೆಟ್ಟು ಬಿದ್ದರೆ ಎಸೆಯುವ ಮುನ್ನ ಅದರ ಪಟ್ಟಿಗಳನ್ನು ಕತ್ತರಿಸಿಬಿಡಿ, ಬೇರೆ ಯಾರೂ ಅದನ್ನು ಎತ್ತಿಕೊಂಡು ಹಾಕಿಕೊಳ್ಳದಿರಲಿ.