ಪದಚರ್ಚೆ: ‘ಗ್ಯಾಲರಿ’ಗೆ ‘ಅಂಕಣ’ ಸಲ್ಲುವುದೇ?

ಮಾನ್ಯರೆ,

ಲಾಸ್ ಏಂಜಲೀಸಿನ ಬೆಟ್ಟವೊಂದರ ಮೇಲೆ ರಿಚರ್ಡ್ ಮೈಯರ್ ಅವರ ವಿನ್ಯಾಸದಂತೆ ಕಟ್ಟಿ 1997ರ ಡಿಸೆಂಬರಿನಲ್ಲಿ ತೆರೆದ ಗೆಟ್ಟಿ ಸೆಂಟರ್ ಎಂಬ ಕಲಾಸಂಕೀರ್ಣದ ಬಗ್ಗೆ ಶಿವಮೊಗ್ಗದ ವಿದ್ಯಾರ್ಥಿಗಳಿಗಾಗಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿನ ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುವಾಗ ‘ಸ್ಕೈಲೈಟ್’ ಪದ ಕಷ್ಟ ಕೊಡಲಿಲ್ಲ. ಅಡುಗೆಮನೆಯ ಮಾಡಿಗೆ ಗಾಜಿನ ಹಂಚು ಕೂರಿಸಿ ಒಲೆಯ ಮುಂದೆ ಬೆಳಕು ಮಾಡಿಕೊಂಡ ಮಲೆನಾಡಿನವರಿಗೆ, ಮೇಲಂತಸ್ತಿನ ವರ್ಣಚಿತ್ರಗಳ ಮೇಲೆ ಹಗಲ ಬೆಳಕನ್ನು ಮಾಡಿನಿಂದ ಹದವಾಗಿ ಇಳಿಸುವ ಏರ್ಪಾಟು ‘ಬೆಳಕಿಂಡಿ’ ಎಂದರೆ ಸಾಕು, ತಿಳಿಯುತ್ತದೆ.

ತೊಡಕಿರುವುದು ‘ಗ್ಯಾಲರಿ’ಯಲ್ಲಿ, ಅಂದರೆ ಅಲ್ಲಿ ಕಲಾಕೃತಿಗಳನ್ನು ಇಟ್ಟು ತೋರಿಸುವ ಒಂದೊಂದು ಕೋಣೆಯ ಹೆಸರಿನಲ್ಲಿ. ಅದನ್ನು ಹಾಗೆಯೇ ಉಳಿಸೋಣವೆಂದರೆ ನಮ್ಮಲ್ಲಿ ಇಡೀ ಕಲಾಕೇಂದ್ರವೂ ಗ್ಯಾಲರಿಯೇ, ಕ್ರೀಡಾಂಗಣದಲ್ಲಿ ಜನ ಕೂರುವ ಜಾಗವೂ ಗ್ಯಾಲರಿಯೇ. ಸ್ನೇಹಿತರೊಬ್ಬರು ‘ಅಂಕಣ’ ಎನ್ನಿ ಎಂದರು. ಪತ್ರಿಕೆಯ ಅಂಕಣ, ಕಬಡ್ಡಿಯ ಅಂಕಣಗಳ ನಡುವೆ ಇದೂ ಒಂದಾಗಲಿ ಎಂಬುದು ಅವರ ವಾದ. ನನಗೆ ಒಪ್ಪಿಗೆಯಾಗಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯನ್ನು ಎಲ್ಲರೂ ‘ಐದಂಕಣದ ಮನೆ’ ಎನ್ನುತ್ತಿದ್ದರು. ಅಲ್ಲಿ ಐದು ಕೋಣೆಗಳಿರಲಿಲ್ಲ, ಕಂಬದಿಂದ ಕಂಬಕ್ಕೆ ತೊಲೆ ಹಾಯ್ದ ಐದು ಎಡೆಗಳಿದ್ದವು. ಜಗಲಿಯನ್ನು ದೊಡ್ಡದು ಮಾಡಬೇಕೆಂದಾಗ ಬಡಗಿ ಗಜಕಡ್ಡಿ ಹಿಡಿಯುವ ಮೊದಲೇ, “ಒಂದಂಕಣ ಕೂಡಿಸಿದರೆ ಎರಡು ಕಂಬ ಬೇಕಾಗುತ್ತದೆ, ಅಯ್ಯಾ” ಎಂದಿದ್ದು ನನಗೆ ಈಗಲೂ ನೆನಪಿದೆ. ದೇವಾಲಯದ ನವರಂಗವೆಂಬ ಮಂಟಪದಲ್ಲಿಯೂ ನಡುವಣ ನಾಲ್ಕು ಕಂಬಗಳಿಂದ ಒಂಬತ್ತು ಅಂಕಣಗಳಾಗುತ್ತವೆಯೇ ಹೊರತು ಒಂಬತ್ತು ಕೋಣೆಗಳಾಗುವುದಿಲ್ಲ. ಅಂಕಣವೆಂಬುದು ಕಟ್ಟುವವರ ಎಣಿಕೆಯ ಪದ, ಆ ಬಿಗಿ ಸಡಿಲವಾಗಬಾರದು.

ಹಾಗಾದರೆ ಅದು ‘ಮಾಡ್ಯೂಲ್’ಗೆ, ಅಂದರೆ ಕಟ್ಟಡದ ಅಳತೆಗಳಿಗೆಲ್ಲ ಮೂಲವಾದ ಘಟಕಕ್ಕೆ, ಹೊಂದೀತೇ? ಗೆಟ್ಟಿಯ ನೆಲ, ಗೋಡೆಗಳ ಅಳತೆಯೆಲ್ಲ ಹೆಚ್ಚಾಗಿ 30 ಅಂಗುಲದ ಒಂದು ಚೌಕದಿಂದ ಇಲ್ಲವೇ ಅದರ ಗುಣಿತ, ಭಾಗಗಳಿಂದ ಹುಟ್ಟಿದ್ದು. ಇಟಲಿಯಿಂದ ತಂದ ಸುಮಾರು 16,000 ಟನ್ ಟ್ರಾವರ್ಟೈನ್ ಕಲ್ಲಿನ ಫಲಕಗಳೂ ಆ ಚೌಕಕ್ಕೇ ಹೊಂದಿಕೊಂಡಿವೆ. ನಮ್ಮ ಅಂಕಣವಾದರೋ ಸಿಕ್ಕ ಮರದ ಉದ್ದವನ್ನು ನೋಡಿ ಮನೆಯಿಂದ ಮನೆಗೆ ಬದಲಾಗುವಂಥದ್ದು. ಆದ್ದರಿಂದ ಮಾಡ್ಯೂಲ್‌ಗೆ ‘ಅಳತೆಚೌಕ’ ಎಂದು ಬರೆದುಕೊಂಡಿದ್ದೇನೆ.

ಗ್ಯಾಲರಿಗೆ ನನ್ನ ಮನಸ್ಸು ಒಲಿದಿರುವುದು ‘ಸಾಲೆ’ಯತ್ತ. ಪಡಸಾಲೆ, ಮೊಗಸಾಲೆಗಳಲ್ಲಿ ಅದು ಜನ ಕೂಡುವ, ಓಡಾಡುವ ಉದ್ದನೆಯ ಜಾಗ. ಅದೇ ಜಾಡಿನಲ್ಲಿ ಚಿತ್ರಸಾಲೆ, ಶಿಲ್ಪಸಾಲೆ ಎನ್ನಬಹುದು. ಆದರೆ ಸಾಲೆಯು ಶಾಲೆಯ ತದ್ಭವ. ಉತ್ತರ ಕರ್ನಾಟಕದ ಕಿವಿಗೆ ‘ಸಾಲಿ’ ಎಂದರೆ ಮಕ್ಕಳು ಓದುವ ಜಾಗವೇ. ಗುಡಿಗಾರರ ಕೆತ್ತನೆಗೆ ಹೆಸರಾದ ಸಾಗರದಲ್ಲಿ ‘ಶಿಲ್ಪಸಾಲೆ’ ಎಂದು ಫಲಕ ಹಾಕಿದರೆ ಕೆತ್ತನೆ ಕಲಿಸುವ ಕೇಂದ್ರವೆಂದು ಯಾರಾದರೂ ಮಗನನ್ನು ಸೇರಿಸಲು ಬಂದಾರು.

ಬಾಗಲಕೋಟೆ, ಧಾರವಾಡ ಕಡೆಯವರು ದಯವಿಟ್ಟು ತಿಳಿಸಿ: ‘ಚಿತ್ರಸಾಲೆ’ ಎಂದೊಡನೆ ನಿಮಗೆ ಚಿತ್ರಗಳ ಕೋಣೆ ಹೊಳೆಯುತ್ತದೆಯೋ, ಚಿತ್ರ ಕಲಿಸುವ ಶಾಲೆಯೋ? ಕಂಬಗಳ ನಡುವಣ ಎಡೆಗೆ ನಿಮ್ಮಲ್ಲಿಯೂ ‘ಅಂಕಣ’ವೆಂದೇ ಬಳಕೆಯಿದೆಯೇ?