ಪದಚರ್ಚೆ: ಸ್ನಾಯು ಯಾವುದು, ನರ ಯಾವುದು? (ಬೋರ್ಡು ಸೋಮವಾರ ಬರೆಯಿಸಬೇಕು)

ಬಳ್ಳಾರಿಯಿಂದ, ಶುಕ್ರವಾರ ರಾತ್ರಿ

ಬಳಗದ ಹಿರಿಯರಿಗೆ ನಮಸ್ಕಾರ. ಅವಸರದ ಕೆಲಸ.

ಇಲ್ಲಿ ಮಸಾಜ್ ಕಲಿಸುವ ಒಂದು ತರಬೇತಿ ಕೇಂದ್ರಕ್ಕೆ ಪಾಠಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಲಿಯುವವರು ಸಂಡೂರು, ಸಿರುಗುಪ್ಪ, ಕಂಪ್ಲಿ ಕಡೆಯವರು; ಕನ್ನಡದಲ್ಲಿಯೇ ಓದಿದ ಮಕ್ಕಳು. ಆನೆಗೊಂದಿ, ಸಾಣಾಪುರದ ರೆಸಾರ್ಟುಗಳಲ್ಲಿ ಕೆಲಸ ಹಿಡಿಯುವ ಆಸೆ ಕೆಲವರಿಗೆ, ಹೊರದೇಶಕ್ಕೆ ಹೋಗುವ ಆಸೆ ಕೆಲವರಿಗೆ. ಪಾಠದ ಮೂಲ ಅಮೆರಿಕದ್ದು. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲದೆ ಈ ವೃತ್ತಿ ಮಾಡುವಂತಿಲ್ಲ. ಅದಕ್ಕೆ ‘ಎಂಬ್ಲೆಕ್ಸ್’ ಎಂಬ ಪರೀಕ್ಷೆ: 110 ನಿಮಿಷ, 100 ಪ್ರಶ್ನೆ. ನನಗೆ ಅಚ್ಚರಿಯಾದದ್ದೇನೆಂದರೆ, ಎಲುಬು, ಕೀಲುಗಳ ಅಂಗರಚನೆಗಿಂತ ಹೆಚ್ಚಿನ ಪಾಲು ಇನ್ನೊಂದು ಭಾಗಕ್ಕಿದೆ. ಬಂದವರನ್ನು ವಿಚಾರಿಸಿ, ನೋಡಿ, ಮುಟ್ಟಿ, ಇವರಿಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ತೀರ್ಮಾನಿಸುವ ಭಾಗ ಅದು. ಅದರ ಹೆಸರು ‘ಕ್ಲೈಂಟ್ ಅಸೆಸ್‌ಮೆಂಟ್’. ಆ ಹೆಸರೇ ನನ್ನ ತಲೆನೋವು, ಏಕೆಂದರೆ ಪಾಠದ ತಲೆಬರಹಕ್ಕೂ ಅದೇ ಬೇಕು, ಕೇಂದ್ರದ ಒಂದು ಕೋಣೆಯ ಬಾಗಿಲಿಗೂ ಅದೇ ಬೇಕು. ಬೋರ್ಡು ಬರೆಯುವವರು ಸೋಮವಾರ ಬೆಳಿಗ್ಗೆ ಬರುತ್ತಾರೆ.

ಕ್ಲೈಂಟ್ ಎಂದರೆ ‘ರೋಗಿ’ ಅಲ್ಲ, ಕಾಯಿಲೆಯಿಲ್ಲದವರೂ ಬರುತ್ತಾರೆ. ‘ಗ್ರಾಹಕ’ ಎಂದರೆ ಅಂಗಡಿಯಾಯಿತು. ‘ಗಿರಾಕಿ’ ಎಂದರೆ ಈ ವೃತ್ತಿಗೆ ಮೊದಲೇ ಇರುವ ಕೆಟ್ಟ ಹೆಸರಿಗೆ ಇನ್ನಷ್ಟು ಮಸಿ. ‘ಕಕ್ಷಿದಾರ’ ವಕೀಲರ ಪಾಲಿನದು. ಇನ್ನು ಅಸೆಸ್‌ಮೆಂಟ್: ‘ಮೌಲ್ಯಮಾಪನ’ ಎಂದೊಡನೆ ಮಕ್ಕಳಿಗೆ ಉತ್ತರಪತ್ರಿಕೆ ನೆನಪಾಗುತ್ತದೆ, ‘ನಿರ್ಧರಣೆ’ಯನ್ನು ತೆರಿಗೆ ಇಲಾಖೆ ಇಟ್ಟುಕೊಂಡಿದೆ.

ಎರಡನೆಯದು, ಮಸಲ್, ಟೆಂಡನ್, ಲಿಗಮೆಂಟ್. ಶಾಲೆಯ ಪುಸ್ತಕದಂತೆ ಸ್ನಾಯು, ಸ್ನಾಯುರಜ್ಜು, ಅಸ್ಥಿರಜ್ಜು ಎಂದು ಬರೆದೆ. ತರಗತಿಯಲ್ಲಿ ಎರಡು ರಜ್ಜುಗಳೂ ಗಂಟು ಬಿದ್ದವು. ಒಂದು ಸ್ನಾಯುವನ್ನು ಎಲುಬಿಗೆ ಕಟ್ಟುತ್ತದೆ, ಇನ್ನೊಂದು ಎಲುಬನ್ನು ಎಲುಬಿಗೆ ಕಟ್ಟುತ್ತದೆ ಎಂದು ಎಷ್ಟು ಸಲ ಹೇಳಿದರೂ ಅದಲುಬದಲು. ದಯವಿಟ್ಟು ಬೇಗ ತಿಳಿಸಿ.

ರಾಯಚೂರಿನಿಂದ, ಶನಿವಾರ ನಸುಕಿಗೆ

ಗಂಟು ಬಿದ್ದಿರುವುದು ರಜ್ಜುಗಳಲ್ಲಿ ಅಲ್ಲ ತಾಯೀ, ಸ್ನಾಯುವಿನಲ್ಲಿ.

ಸ್ನಾಯು ಎಂದರೆ ಮಾಂಸವಲ್ಲ. ಆಯುರ್ವೇದದ ಸುಶ್ರುತನ ಶಾರೀರಸ್ಥಾನದಲ್ಲಿ ಪೇಶಿಗಳ ಎಣಿಕೆ ಬೇರೆ, 500; ಸ್ನಾಯುಗಳ ಎಣಿಕೆ ಬೇರೆ, 900. ಅಲ್ಲಿಯೇ ಉಪಮೆಯನ್ನೂ ಕೊಟ್ಟಿದ್ದಾನೆ: ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನಲ್ಲಿ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳಿಂದಾಗಿ ಮನುಷ್ಯ ಭಾರ ತಾಳುತ್ತಾನೆ. ಹಗ್ಗದ ಕೆಲಸ ಮಾಡುವುದು ಸ್ನಾಯು. ಮಸಲ್‌ಗೆ ಪೇಶಿ. ನಾವು ಹಗ್ಗಕ್ಕೆ ಮಾಂಸವೆಂದು ಹೆಸರಿಟ್ಟು, ಆಮೇಲೆ ಹಗ್ಗ ಬೇಕಾದಾಗ ‘ಸ್ನಾಯುರಜ್ಜು’ ಎಂದೆವು. ಹಗ್ಗದ ಹಗ್ಗ!

ಈ ಪದದ ಅಲೆದಾಟ ನೋಡಿ. ಮರಾಠಿಯಲ್ಲಿ ನಮ್ಮಂತೆಯೇ ಮಾಂಸಪೇಶಿಗೆ ಸ್ನಾಯು. ಬಂಗಾಳಿಯಲ್ಲಿ ಸ್ನಾಯು ಎಂದರೆ ನರ. ಪಕ್ಕದ ತೆಲುಗಿನವರು ಮಸಲ್‌ಗೆ ‘ಕಂಡರಂ’ ಎನ್ನುತ್ತಾರೆ. ಆಯುರ್ವೇದದ ಕಂಡರಾ ದಪ್ಪ ಟೆಂಡನ್. ಗ್ರೀಕರ ‘ನ್ಯೂರಾನ್’ ಸಂಸ್ಕೃತದ ‘ಸ್ನಾವನ್’ಗೆ ದಾಯಾದಿ. ಅದಕ್ಕೂ ಮೊದಲಿದ್ದ ಅರ್ಥ ಬಿಗಿಯುವ ತಂತು, ನರವಾದದ್ದು ಆಮೇಲೆ. ಎರಡು ಸಾವಿರ ವರ್ಷ ಊರೂರು ಅಲೆದ ಪದವನ್ನು ಹಿಡಿದು ತಂದು ಮಸಾಜ್ ಮೇಜಿನ ಮೇಲೆ ಮಲಗಿಸುವ ಮುನ್ನ ಮೂಲ ವಿಚಾರಿಸಬೇಕಿತ್ತು.

ಅಸೆಸ್‌ಮೆಂಟಿಗೆ ‘ಪರೀಕ್ಷೆ’ ಎನ್ನಿ. ದರ್ಶನ, ಸ್ಪರ್ಶನ, ಪ್ರಶ್ನ (ನೋಡುವುದು, ಮುಟ್ಟುವುದು, ಕೇಳುವುದು) ಎಂದು ಆಯುರ್ವೇದದ ವಾಗ್ಭಟನೇ ಮೂರನ್ನೂ ಹೇಳಿದ್ದಾನೆ. ನಿಮ್ಮ ಅಮೆರಿಕದವರು ಹೇಳುವುದೂ ಅದನ್ನೇ. ಮುಗಿಯಿತು.

ಕೊಪ್ಪಳದಿಂದ, ಶನಿವಾರ ಮಧ್ಯಾಹ್ನ

ಗುರುಗಳಿಗೆ ಮುಗಿದಿರಬಹುದು, ಸಿರುಗುಪ್ಪದ ಹುಡುಗಿಗೆ ಮುಗಿಯಲಿಲ್ಲ. ಪೇಶಿ, ಕಂಡರಾ, ಸ್ಪರ್ಶನ! ಅಕ್ಕನವರು ಇಂಗ್ಲಿಷಿನಿಂದ ಬಿಡಿಸಿಕೊಳ್ಳಲು ದಾರಿ ಕೇಳಿದರೆ ನೀವು ಸಂಸ್ಕೃತದ ಬಾವಿ ತೋರಿಸಿದ್ದೀರಿ.

ಕನ್ನಡದಲ್ಲಿ ಇಲ್ಲದ್ದೇನಿದೆ? ಮಸಲ್‌ಗೆ ‘ಕಂಡ’. ಟೆಂಡನ್ನಿಗೆ ‘ಹುರಿ’. ಲಿಗಮೆಂಟಿಗೆ ‘ಕಟ್ಟು’. ಕಂಡದ ತುದಿಯಲ್ಲಿ ಹುರಿ, ಕೀಲಿನ ಸುತ್ತ ಕಟ್ಟು. ಮಕ್ಕಳು ಒಮ್ಮೆ ಕೇಳಿದರೆ ಸಾಕು. ಸ್ಪೈನಲ್ ಕಾರ್ಡಿಗೆ ‘ಮಿದುಳುಬಳ್ಳಿ’ ಎಂದವರು ಯಾರೋ ಪುಣ್ಯಾತ್ಮರು, ಅವರು ಹೋದ ದಾರಿಯಲ್ಲಿ ಯಾಕೆ ಹೋಗಬಾರದು?

ಕೈಯ ಕೆಲಸಗಳಿಗಂತೂ ಹೊರಗೆ ನೋಡುವುದೇ ಬೇಡ. ಸ್ವೀಡಿಷ್ ಮಸಾಜ್ ಎನ್ನುವುದರ ಐದು ಪಟ್ಟುಗಳಿಗೆ ಫ್ರೆಂಚ್ ಹೆಸರು ಇಟ್ಟವನು ಡಚ್ ವೈದ್ಯ ಮೆಟ್ಸ್‌ಗರ್. ಸ್ವೀಡನ್ನಿನ ಹೆಸರು, ಫ್ರೆಂಚರ ಪದ, ಡಚ್ಚರವನ ಕೈ! ಎಫ್ಲುರಾಜ್ ಎಂದರೆ ನೀವುವುದು. ಪೆಟ್ರಿಸಾಜ್ ಎಂದರೆ ನಾದುವುದು, ರೊಟ್ಟಿಯ ಹಿಟ್ಟು ನಾದಿದವರಿಗೆ ಅದನ್ನು ಕಲಿಸಬೇಕೆ? ಉಳಿದ ಮೂರು ತಿಕ್ಕುವುದು, ತಟ್ಟುವುದು, ಅಲುಗಿಸುವುದು. ಮುಟ್ಟಿ ತಿಳಿಯುವುದಕ್ಕೆ ‘ಮುಟ್ಟರಿಕೆ’, ಇಡೀ ಅಸೆಸ್‌ಮೆಂಟಿಗೆ ‘ಬಂದವರ ಅರಿಕೆ’.

ರಾಯಚೂರಿನಿಂದ, ಹತ್ತು ನಿಮಿಷದ ಬಳಿಕ

‘ಅರಿಕೆ’ ಎಂದರೆ ಬಿನ್ನಹ. ಬಾಗಿಲ ಮೇಲೆ ಬರೆದರೆ ಜನರು ಅರ್ಜಿ ಹಿಡಿದುಕೊಂಡು ಬರುತ್ತಾರೆ. ‘ಮುಟ್ಟರಿಕೆ’ಯಲ್ಲಿ ಮೊದಲು ಕಿವಿಗೆ ಬೀಳುವುದು ಮುಟ್ಟು, ಹುಡುಗಿಯರ ತರಗತಿಯಲ್ಲಿ ಒಮ್ಮೆ ಹೇಳಿ ನೋಡಿ. ‘ಕಂಡ’ ನಿಮ್ಮದಲ್ಲ, ಖಂಡದ ತದ್ಭವ.

ಕೊಪ್ಪಳದಿಂದ

ತದ್ಭವವಾದ ಮೇಲೆ ಅದು ನಮ್ಮದೇ. ಕಾಲಿನ ಹಿಂಬದಿಗೆ ‘ಮೀನಖಂಡ’ ಎನ್ನುತ್ತೇವಲ್ಲ, ಅದರ ಮೀನು ಯಾರದು? ದ್ರಾವಿಡದ ಮೀನೇ ಸಂಸ್ಕೃತಕ್ಕೆ ಈಜಿಕೊಂಡು ಹೋಯಿತು ಎಂದು ಬಲ್ಲವರು ಒಪ್ಪುತ್ತಾರೆ. ಅಲ್ಲಿಗೆ ಮೀನಖಂಡ ಕನ್ನಡ, ಸಂಸ್ಕೃತ ಬೆರೆತ ಅರಿಸಮಾಸವೋ ಅಲ್ಲವೋ ಹೇಳಿ.

ರಾಯಚೂರಿನಿಂದ

ಅರಿಸಮಾಸವೇ ಆಗಿದ್ದರೂ ರೂಢಿಯಲ್ಲಿ ಬಂದದ್ದಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬಾಗಿಲು ತೆರೆದಿಟ್ಟಿದ್ದಾನೆ. ನೀವು ನಿನ್ನೆ ರಾತ್ರಿ ಹೆಣೆದದ್ದಕ್ಕೆ ಅಲ್ಲ.

ಬಳ್ಳಾರಿಯಿಂದ, ಶನಿವಾರ ಸಂಜೆ

ಹಿರಿಯರೇ, ಸೋಮವಾರ.

ನೀವು ಮೀನು ಹಿಡಿಯುತ್ತಿರುವಾಗ ಇಲ್ಲಿ ಇನ್ನೊಂದು ಆಯಿತು. ಅಭ್ಯಾಸಕ್ಕೆಂದು ಜೀನ್ಸ್ ಹೊಲಿಯುವ ಕೆಲವರನ್ನು ಕರೆಸಿದ್ದೆವು. ಈ ಊರಿನಲ್ಲಿ ಹೆಗಲುನೋವಿಗೆ ಬರವೇ? ದಿನವಿಡೀ ದಪ್ಪ ಬಟ್ಟೆ ಜಗ್ಗಿ ಜಗ್ಗಿ ಹೆಡಕಿನಿಂದ ರೆಟ್ಟೆಯವರೆಗೆ ಕಲ್ಲಾಗಿರುತ್ತದೆ. (ತೊಡೆಯ ಒಂದು ಸ್ನಾಯುವಿಗೆ ‘ಸಾರ್ಟೋರಿಯಸ್’, ಅಂದರೆ ದರ್ಜಿಯದು, ಎಂದು ಹೆಸರು. ಹಿಂದೆ ದರ್ಜಿಗಳು ಚಕ್ಕಳಮಕ್ಕಳ ಹಾಕಿ ಕುಳಿತು ಹೊಲಿಯುತ್ತಿದ್ದರಂತೆ. ನಮ್ಮ ದರ್ಜಿಗಳು ಮಶೀನಿನ ಮುಂದೆ ಕಾಲು ಇಳಿಬಿಟ್ಟು ಕೂರುತ್ತಾರೆ. ಇಲ್ಲಿ ಆ ಹೆಸರು ಹುಟ್ಟಿದ್ದರೆ ಹೆಗಲಿಗೇ ಹೋಗುತ್ತಿತ್ತು.)

ಬಂದವರೆಲ್ಲ ಹೇಳಿದ್ದು ಒಂದೇ ಪದ: ನರ. ಒಬ್ಬರಿಗೆ ಹೆಡಕಿನಲ್ಲಿ ‘ನರ ಹಿಡಿದುಕೊಂಡಿದೆ’. ಒಬ್ಬರಿಗೆ ಟೊಂಕದಿಂದ ಹಿಮ್ಮಡಿಯವರೆಗೆ ‘ನರ ಜಗ್ಗುತ್ತದೆ’. ಒಬ್ಬ ತಾಯಿಗೆ ಕಾಲಿನಲ್ಲಿ ‘ನರ ಉಬ್ಬಿವೆ’. ನಮ್ಮ ಹುಡುಗಿ ಮೂವರ ಹಾಳೆಯಲ್ಲಿಯೂ ‘ನರದ ತೊಂದರೆ’ ಎಂದು ಬರೆದಿಟ್ಟಳು. ಮೊದಲನೆಯದು ಸ್ನಾಯು ಬಿಗಿದದ್ದು, ಎರಡನೆಯದು ನಿಜವಾಗಿಯೂ ನರದ್ದಿರಬಹುದು, ಮೂರನೆಯದು ರಕ್ತನಾಳ. ನಾಲ್ಕನೆಯ ಅರ್ಥ ಗೋಡೆಗಳ ಮೇಲಿದೆ: ‘ನರದೌರ್ಬಲ್ಯಕ್ಕೆ ಸಂಪರ್ಕಿಸಿ’. ಅದನ್ನು ನೆನೆದು ಹುಡುಗರು ನಕ್ಕರು.

ಸ್ನಾಯುವಿನ ಮೂಲ ಯಾವುದಾದರೂ ಇರಲಿ, ಅದನ್ನು ಯಾರೂ ಬಾಯಿಂದ ಆಡಲಿಲ್ಲ. ನರಕ್ಕೆ ಏನು ಮಾಡೋಣ?

ಸಿಂಧನೂರಿನಿಂದ, ಶನಿವಾರ ರಾತ್ರಿ

ನಾನು ಫಿಸಿಯೋಥೆರಪಿಸ್ಟ್, ಈ ಬಳಗದಲ್ಲಿ ಓದುವವನು ಮಾತ್ರ. ಈ ಸಲ ಸುಮ್ಮನಿರಲಾಗಲಿಲ್ಲ.

ಮೇಡಂ, ನರ ಎಂಬ ಪದವನ್ನು ತಿದ್ದಲು ಹೋಗಬೇಡಿ. ಬಂದವರ ಬಾಯಿಗೆ ಪದ ತುರುಕುವಂತಿಲ್ಲ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ಬರೆದ ಮೇಲೆ ಕೇಳಬೇಕಾದದ್ದು: ಎಲ್ಲಿ, ಬೆರಳಿಟ್ಟು ತೋರಿಸಿ. ಸೆಳೆತವೋ, ಚುಚ್ಚುತ್ತದೆಯೋ, ಚಳಕೋ, ಜೋಮು ಹಿಡಿಯುತ್ತದೆಯೋ? ಜೋಮು ಹಿಡಿದು ಕಾಲಿನುದ್ದಕ್ಕೂ ಇಳಿದರೆ ನರದ ಗುಮಾನಿ. ಒತ್ತಿದ ಜಾಗದಲ್ಲಿಯೇ ನೋವು, ಬಿಟ್ಟರೆ ಹಾಯ್ ಎಂದರೆ ಬಹಳ ಮಟ್ಟಿಗೆ ಸ್ನಾಯು. ಈ ನಾಲ್ಕು ಪದಗಳಿಗೆ ಸಮವಾದದ್ದು ಇಂಗ್ಲಿಷಿನವರಲ್ಲಿ ಇದೆಯೋ ಇಲ್ಲವೋ, ನಮ್ಮವರು ಹುಟ್ಟಿನಿಂದ ಬಲ್ಲರು.

ಪದ ತಪ್ಪಿದರೆ ನಗೆಪಾಟಲು, ಇದು ತಪ್ಪಿದರೆ ಪ್ರಾಣ: ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ, ಕೆಂಪೇರಿದ್ದರೆ, ಅದರಲ್ಲೂ ಬಹಳ ದಿನ ಮಲಗಿದ್ದವರು ಅಥವಾ ಆಪರೇಷನ್ ಆದವರಾದರೆ, ಕೈ ಹಚ್ಚಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ನೇರ ಆಸ್ಪತ್ರೆಗೆ. ಉಬ್ಬಿದ ರಕ್ತನಾಳವಾದರೆ ಆ ಜಾಗ ಬಿಟ್ಟು ಉಳಿದ ಮೈಗೆ ಮಾಡಬಹುದು. ಜ್ವರ ಇದ್ದರೆ ಮಸಾಜೇ ಬೇಡ. ಕತ್ತಿನ ಮುಂಭಾಗ, ಕಂಕುಳು, ಮೊಣಕೈಯ ಒಳಮಡಿಕೆ, ತೊಡೆಸಂದು, ಮಂಡಿಯ ಹಿಂದಿನ ಗುಳಿ, ಇಲ್ಲಿ ದೊಡ್ಡ ರಕ್ತನಾಳವೂ ನರವೂ ಚರ್ಮಕ್ಕೆ ಹತ್ತಿರ. ಇವುಗಳಿಗೆ ‘ಎಚ್ಚರದ ಜಾಗ’ ಎನ್ನಿ. ಪಠ್ಯದಲ್ಲಿ ‘ವಿರೋಧಸೂಚನೆ’ ಎಂದು ಬರೆದಿದ್ದರೆ ಹೊಡೆದುಹಾಕಿ, ‘ಮಾಡಬಾರದ ಸಂದರ್ಭ’ ಎನ್ನಿ. ಅರ್ಥವಾಗದ ಎಚ್ಚರಿಕೆ ಎಚ್ಚರಿಕೆಯಲ್ಲ.

ರಾಯಚೂರಿನಿಂದ, ಭಾನುವಾರ

ಎಚ್ಚರದ ಜಾಗಕ್ಕೆ ‘ಮರ್ಮ’ ಇದೆಯಲ್ಲ. ಆಯುರ್ವೇದ ಎಣಿಸಿದ್ದು 107.

ಸಿಂಧನೂರಿನಿಂದ

ಗುರುಗಳೇ, ಮರ್ಮದ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ. ಎರಡನ್ನೂ ಕಲೆಸಿದರೆ ಮಕ್ಕಳು ಎರಡರಲ್ಲಿಯೂ ಫೇಲು.

ಕೊಪ್ಪಳದಿಂದ, ಭಾನುವಾರ ಸಂಜೆ

ಅದಿರಲಿ, ‘ಮಸಾಜ್’ ಎಂಬುದನ್ನೇ ಎಲ್ಲರೂ ನುಂಗಿಕೊಂಡಿರಲ್ಲ! ಬಾಗಿಲ ಮೇಲೆ ಅದೂ ಬರುತ್ತದೆಯೆ? ನಮ್ಮ ಹಳ್ಳಿಯಲ್ಲಿ ಮಾಲೀಸು ಎನ್ನುತ್ತೇವೆ.

ರಾಯಚೂರಿನಿಂದ

ಪಾರಸಿ. ಮಾಲೀದನ್, ತಿಕ್ಕುವುದು. ಅಚ್ಚಗನ್ನಡದ ಕಾವಲುಗಾರರು ನಿಜಾಮನ ಹಿಂಬಾಗಿಲಿನಿಂದ ಬಂದದ್ದನ್ನು ಮನೆಮಗನೆಂದು ಅಪ್ಪಿಕೊಂಡಿದ್ದಾರೆ.

ಕೊಪ್ಪಳದಿಂದ

1948ರವರೆಗೆ ನೀವೂ ನಾವೂ ಅದೇ ನಿಜಾಮನ ಮನೆಯಲ್ಲಿ ಇದ್ದವರು, 1997ರವರೆಗೆ ಒಂದೇ ಜಿಲ್ಲೆಯಲ್ಲಿ ಇದ್ದವರು. ನನಗೆ ಪಾರಸಿಯ ಮೇಲೆ ಸಿಟ್ಟಿಲ್ಲ, ಗುರುಗಳೇ. ಅದು ಹೊಲದವರ ಬಾಯಿಗೆ ಬಂತು. ಅದೇ ಅರ್ಥದ ನಿಮ್ಮ ಸಂಸ್ಕೃತದ ‘ಅಂಗಮರ್ದನ’ ನಿಘಂಟಿನಿಂದ ಹೊರಗೆ ಕಾಲಿಡಲಿಲ್ಲ. ನನ್ನ ಜಗಳ ಬಾಯಿಗೆ ಬಾರದ ಪದಗಳ ಜೊತೆ.

ರಾಯಚೂರಿನಿಂದ

‘ಮುಟ್ಟರಿಕೆ’ ಯಾರ ಬಾಯಿಗೆ ಬಂದಿದೆ?

ಬಳ್ಳಾರಿಯಿಂದ, ಸೋಮವಾರ ರಾತ್ರಿ

ಬೋರ್ಡು ಬರೆದಾಯಿತು. ನಡೆದದ್ದನ್ನು ಒಪ್ಪಿಸುತ್ತೇನೆ, ಬೈಯುವವರು ಬೈಯಿರಿ.

ಪಾಠದಲ್ಲಿ ಮಸಲ್‌ಗೆ ‘ಸ್ನಾಯು’ವನ್ನೇ ಉಳಿಸಿದ್ದೇನೆ. ಗುರುಗಳು ಹೇಳಿದ್ದು ಸರಿ ಎಂದು ಗೊತ್ತಿದ್ದೂ ಉಳಿಸಿದ್ದೇನೆ. ಹತ್ತನೆಯ ತರಗತಿಯ ತನಕ ಓದಿದ್ದನ್ನು ನಾನು ಎರಡು ತಿಂಗಳಿನಲ್ಲಿ ಅಳಿಸಲಾರೆ. ರಜ್ಜುಗಳನ್ನು ಮಾತ್ರ ಎರಡನ್ನೂ ಕೈಬಿಟ್ಟು ಕೊಪ್ಪಳದ ‘ಹುರಿ’, ‘ಕಟ್ಟು’ ತೆಗೆದುಕೊಂಡೆ. ಇಂದು ಕೇಳಿದಾಗ ಯಾರೂ ಅದಲುಬದಲು ಮಾಡಲಿಲ್ಲ. ಹಿಮ್ಮಡಿಯ ಮೇಲಿನದನ್ನು ಹಿಡಿದು ‘ಇದು ಹುರಿ’ ಎಂದು ತಾವೇ ತೋರಿಸಿದರು. ನೀವು, ನಾದು, ತಿಕ್ಕು, ತಟ್ಟು, ಅಲುಗಿಸು, ಇವೂ ಹಾಗೆಯೇ ಹೋದವು. ‘ನೀವು ನೀವಿರಿ’ ಎಂದು ಹುಡುಗರು ದಿನವಿಡೀ ಆಡಿಕೊಂಡರು, ಅದೊಂದು ನಷ್ಟ.

ಮೂಲದಲ್ಲಿ ದಾಖಲೆಯ ಹಾಳೆಗೆ ‘ಸೋಪ್’ ಎನ್ನುತ್ತಾರೆ, ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿದ್ದು. 1960ರ ದಶಕದಲ್ಲಿ ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯ ರೂಢಿಗೆ ತಂದ ನಾಲ್ಕು ಭಾಗಗಳ ಕ್ರಮ ಅದು. ಅನುವಾದಿಸಲು ಹೋಗಿ ವ್ಯಕ್ತಿನಿಷ್ಠ, ವಸ್ತುನಿಷ್ಠ ಎಂದೆಲ್ಲ ಬರೆದು ಹರಿದುಹಾಕಿದ್ದೆ. ಸಿಂಧನೂರಿನವರ ಪತ್ರ ಓದಿದ ಮೇಲೆ ಹೀಗೆ ಹಾಕಿದೆ: ಅವರು ಹೇಳಿದ್ದು, ನಾನು ಕಂಡದ್ದು, ನನ್ನ ಅಂದಾಜು, ಮುಂದೇನು. ‘ಅಂದಾಜು’ ಪಾರಸಿ, ಗೊತ್ತಿದೆ. ‘ಅವರು’ ಎಂದದ್ದರಿಂದ ಕ್ಲೈಂಟಿನ ತೊಡಕೂ ಹಾಳೆಯ ಮಟ್ಟಿಗೆ ತಪ್ಪಿತು.

ಬಾಗಿಲಿಗೆ ‘ವಿಚಾರಣೆ ಮತ್ತು ಪರೀಕ್ಷೆ’ ಎಂದು ಬರೆದುಕೊಟ್ಟಿದ್ದೆ. ಬೋರ್ಡು ಬರೆಯುವ ಅಣ್ಣ ಚೀಟಿ ನೋಡಿ, ‘ಮೇಡಂ, ಇದು ಪೊಲೀಸ್ ಠಾಣೆಯೋ ಕಾಲೇಜೋ?’ ಎಂದರು. ಆಮೇಲೆ ತಾವೇ ಹಲಗೆಯ ಅಗಲ ಅಳೆದು, ‘ತಪಾಸಣೆ ಕೋಣೆ’ ಎಂದು ಬರೆದರು. ಮರಾಠಿಯ ಕಡೆಯದು ಎಂದು ಯಾರಾದರೂ ತಿಳಿಸುವ ಮುನ್ನವೇ ಬಣ್ಣ ಒಣಗಿತ್ತು.

ಮುಂದಿನದು: ಮಸಾಜ್ ಮಾಡುವಾಗ ಬೇಕಾದ ಭಾಗವನ್ನಷ್ಟೇ ತೆರೆದು ಉಳಿದ ಮೈಯನ್ನು ದುಪ್ಪಟಿಯಿಂದ ಮುಚ್ಚಿಡುತ್ತಾರಲ್ಲ, ಆ ‘ಡ್ರೇಪಿಂಗ್’ಗೆ ಏನೆನ್ನೋಣ? ಬುಧವಾರ ಬೇಕು.

ಕೊಪ್ಪಳದಿಂದ

ಮುಸುಕು.

ರಾಯಚೂರಿನಿಂದ

ಮುಸುಕು ಹೆಣಕ್ಕೆ. ‘ಆಚ್ಛಾದನ’.